ನಗರದ ಹಳೆಯ ಬಸ್ಸು, ಮಲೆನಾಡಿನ ಆಪತ್ಕಾಲ

ನಗರ ಸಾರಿಗೆಯ ಬಸ್ಸೊಂದು ಸೇವಾವಧಿಯನ್ನು ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಗುಡ್ಡಗಾಡಿನ ಹಳ್ಳಿಗನಿಗೆ ಸಂಬಂಧಪಡದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಕಳೆದ ಕೆಲವು ವರ್ಷಗಳಿಂದ ಇಂತಹ ಬಸ್ಸುಗಳಿಗೆ ಎರಡನೆಯ ಜನ್ಮ ಕೊಡುವ ಮಾತು ಪದೇ ಪದೇ ಕೇಳಿಬರುತ್ತಿದೆ. ಸಂಚಾರಿ ಚಿಕಿತ್ಸಾಲಯ, ಆಮ್ಲಜನಕದ ಬಸ್ಸು, ತುರ್ತು ಆಶ್ರಯತಾಣ ಹೀಗೆ ನಾನಾ ರೂಪಗಳಲ್ಲಿ ಅವು ಕಾಣಿಸಿಕೊಂಡಿವೆ. ಪ್ರತಿ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ, ಪ್ರತಿ ಬೇಸಗೆಯಲ್ಲಿ ಮಂಗನ ಕಾಯಿಲೆಗೆ ಅಂಜುವ ನಮ್ಮ ಸೀಮೆಗೂ ಅವು ಬರಲಿ ಎಂದು ಅನೇಕರು ಬಯಸುತ್ತಿದ್ದಾರೆ. ಈ ಬಯಕೆ ನ್ಯಾಯವಾದುದೇ. ಆದರೆ ಅದನ್ನು ಈಡೇರಿಸಿಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ನಾವು ತಕ್ಕಡಿಯಲ್ಲಿಟ್ಟು ತೂಗಬೇಕಾಗಿದೆ.

ಬಸ್ಸನ್ನು ಆಪತ್ಕಾಲಕ್ಕೆ ಬಳಸುವ ಆಲೋಚನೆ ಹೊಸದಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗುವ ಹೊತ್ತಿಗೆ ಲಂಡನ್ನಿನ ಗ್ರೀನ್ ಲೈನ್ ಬಸ್ಸುಗಳನ್ನು ಮಾರ್ಗಗಳಿಂದ ಹಿಂತೆಗೆದು, ಆಸನಗಳನ್ನು ಕಳಚಿ, ಸ್ಟ್ರೆಚರುಗಳನ್ನು ಜೋಡಿಸಿ ಆಂಬುಲೆನ್ಸುಗಳನ್ನಾಗಿ ಮಾಡಲಾಗಿತ್ತು. ಅದೇ ನಗರದಲ್ಲಿ 2021ರ ಜನವರಿಯಲ್ಲಿ, ಕೋವಿಡ್ ತಾರಕಕ್ಕೇರಿದ್ದಾಗ, ಎರಡು ಒಂದಂತಸ್ತಿನ ಬಸ್ಸುಗಳನ್ನು ತಲಾ ನಾಲ್ವರು ರೋಗಿಗಳನ್ನು ಒಯ್ಯುವಂತೆ ಮಾರ್ಪಡಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಬಸ್ಸುಗಳು ಆಂಬುಲೆನ್ಸಿನ ಸ್ಥಾನವನ್ನು ಕಸಿದುಕೊಳ್ಳಲಿಲ್ಲ. ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ರೋಗಿಗಳನ್ನು ಸಾಗಿಸುವ ಕೆಲಸವನ್ನು ತಾವು ವಹಿಸಿಕೊಂಡು, ನಿಜವಾದ ಆಂಬುಲೆನ್ಸುಗಳು ಮನೆಬಾಗಿಲಿನ ಕರೆಗೆ ಓಡುವಂತೆ ಬಿಡುವು ಮಾಡಿಕೊಟ್ಟವು.

ನಮ್ಮ ರಾಜ್ಯದ ಅನುಭವವೂ ಕಡಿಮೆಯದಲ್ಲ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆಯ ಬಸ್ಸನ್ನು ಸಂಚಾರಿ ಜ್ವರ ಚಿಕಿತ್ಸಾಲಯವನ್ನಾಗಿ ರೂಪಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಗುಜರಿಗೆ ಹೋಗಬೇಕಾಗಿದ್ದ ಬಸ್ಸೊಂದು ಮಹಿಳೆಯರ ಶೌಚಾಲಯವಾಗಿ ನಿಂತಿತು. 2021ರ ಎರಡನೆಯ ಅಲೆಯಲ್ಲಿ ಆಸ್ಪತ್ರೆಯೊಳಗೆ ಹಾಸಿಗೆ ದೊರೆಯದೆ ಹೊರಗೆ ಕಾಯುತ್ತಿದ್ದವರಿಗೆ ಬಸ್ಸಿನೊಳಗೇ ಆಮ್ಲಜನಕ ಕೊಡುವ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿ ಮಾಡಲಾಯಿತು. ನಿಗಮಗಳ ಕಾರ್ಯಾಗಾರಗಳಲ್ಲಿರುವ ಬಡಗಿ, ವೆಲ್ಡರ್, ಎಲೆಕ್ಟ್ರಿಷಿಯನ್ನರ ಕೌಶಲಕ್ಕೆ ಇವು ಸಾಕ್ಷಿ. ಹೊರಗಿನ ಗುತ್ತಿಗೆದಾರನನ್ನು ಕಾಯದೆ, ಕೈಯಲ್ಲಿದ್ದ ಸಾಮಗ್ರಿಯಿಂದಲೇ ಬೇಕಾದುದನ್ನು ಕಟ್ಟಿಕೊಳ್ಳುವ ಶಕ್ತಿ ನಮ್ಮ ಸಾರ್ವಜನಿಕ ಸಂಸ್ಥೆಗಳಿಗಿದೆ.

ಆದರೆ ಎಲ್ಲ ಮಾರ್ಪಾಡೂ ಹಿತಕರವಲ್ಲ ಎಂಬುದಕ್ಕೆ ಸಾಕ್ಷಿಯೂ ಅದೇ ಕಾಲದಲ್ಲಿದೆ. 2020ರ ಏಪ್ರಿಲ್‌ನಲ್ಲಿ ದೇಶದ ಹಲವೆಡೆ ಜನರ ಮೈಮೇಲೆ ಸೋಂಕುನಾಶಕವನ್ನು ಸಿಂಪಡಿಸುವ ಸುರಂಗಗಳು ತಲೆಯೆತ್ತಿದವು; ಹಳೆಯ ಬಸ್ಸುಗಳೂ ಈ ಕೆಲಸಕ್ಕೆ ಬಳಕೆಯಾದವು. ಅದೇ ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ ಮನುಷ್ಯರ ಮೇಲೆ ಹೀಗೆ ಸಿಂಪಡಿಸುವುದು ಹಾನಿಕರ, ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳೆರೋಗವನ್ನು ತಡೆಯುವ ಔಷಧವೆಂದ ಮಾತ್ರಕ್ಕೆ ಅದನ್ನು ಯಾರೂ ಮೈಗೆ ಸುರಿದುಕೊಳ್ಳುವುದಿಲ್ಲ. ಆಪತ್ತಿನ ಗಡಿಬಿಡಿಯಲ್ಲಿ ಏನಾದರೊಂದು ಮಾಡಿ ತೋರಿಸಬೇಕೆಂಬ ಹಂಬಲವೇ ಕಾರ್ಯಕ್ರಮವಾಗಿಬಿಡುವ ಅಪಾಯವನ್ನು ಈ ಪ್ರಸಂಗ ತೋರಿಸುತ್ತದೆ.

ಈಗ ಗುಡ್ಡಗಾಡಿನ ಮಾತಿಗೆ ಬರೋಣ. ನಗರದ ಬಸ್ಸನ್ನು ನಗರಕ್ಕಾಗಿಯೇ ಕಟ್ಟಿರುತ್ತಾರೆ. ಪೂರ್ಣ ಗಾತ್ರದ ಬಸ್ಸು ಸುಮಾರು 12 ಮೀಟರ್ ಉದ್ದವಿರುತ್ತದೆ. ಕೆಳಮಟ್ಟದ ನೆಲವುಳ್ಳ ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು 400 ಮಿಲಿಮೀಟರ್, ಅರೆಕೆಳಮಟ್ಟದ್ದಾದರೆ ಸುಮಾರು 650 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಗಾಲಿಕುರ್ಚಿಯನ್ನು ಏರಿಸಲು ಇದು ವರವೇ ಸರಿ. ಆದರೆ ಹೊಂಡಬಿದ್ದ ಮಣ್ಣುರಸ್ತೆಯಲ್ಲಿ, ಹಳ್ಳದ ನೀರು ಹರಿಯುವ ಮೋರಿಯ ಮೇಲೆ ಅದೇ ಶಾಪವಾಗುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಿನಿ ಬಸ್ಸುಗಳು ಮಾತ್ರ ಓಡುವುದು ಏಕೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗಲೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆರಗಿದಾಗಲೂ ರಸ್ತೆಯೇ ಇಲ್ಲವಾಯಿತು. ಅದೇ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಸೇತುವೆ ಕೊಚ್ಚಿಹೋಗಿ, ಸೈನಿಕರು ಬೈಲಿ ಸೇತುವೆ ಕಟ್ಟುವವರೆಗೆ ಮುಂಡಕ್ಕೈ ಕಡೆಗೆ ಯಾವ ದೊಡ್ಡ ವಾಹನವೂ ದಾಟುವಂತಿರಲಿಲ್ಲ.

ಹಾಗಾದರೆ ಹಳೆಯ ಬಸ್ಸು ನಮಗೆ ನಿರುಪಯುಕ್ತವೇ? ಹಾಗೆನ್ನುವಂತಿಲ್ಲ. ಅದರ ಸ್ಥಾನ ಯಾವುದೆಂಬುದನ್ನು ಸರಿಯಾಗಿ ಗುರುತಿಸಬೇಕು, ಅಷ್ಟೇ. ಮನೆಯಂಗಳದಿಂದ ಡಾಂಬರು ರಸ್ತೆಯವರೆಗೆ ಗಾಯಾಳುವನ್ನು ತರುವುದು ಕಂಬಳಿ ಕಟ್ಟಿದ ಬಿದಿರುಗಳ, ಹೆಗಲುಗಳ ಹಾಗೂ ಜೀಪಿನ ಕೆಲಸ. ಅಲ್ಲಿಂದ ಮುಂದಕ್ಕೆ, ಹತ್ತಾರು ಮಂದಿಯನ್ನು ಒಮ್ಮೆಗೇ ತಾಲ್ಲೂಕು ಕೇಂದ್ರಕ್ಕೋ ಶಿವಮೊಗ್ಗಕ್ಕೋ ಒಯ್ಯುವುದು ಬಸ್ಸಿನ ಕೆಲಸ. ಭೂಕುಸಿತದ ಭಯದಿಂದ ಇಡೀ ಕೇರಿಯನ್ನು ರಾತ್ರೋರಾತ್ರಿ ತೆರವು ಮಾಡಬೇಕಾದಾಗ, ವೃದ್ಧರು, ಬಾಣಂತಿಯರು, ಮಕ್ಕಳು ಒದ್ದೆಯಾಗದೆ ಕುಳಿತುಕೊಳ್ಳಬಲ್ಲ ಛಾವಣಿಯುಳ್ಳ ಜಾಗ ಅದು. 2018ರ ಆಗಸ್ಟ್‌ನಲ್ಲಿ ಕೊಡಗು ಅನುಭವಿಸಿದ ಸಂಕಟವನ್ನು ನೆನೆದರೆ ಇದರ ಬೆಲೆ ತಿಳಿದೀತು. ಇನ್ನೊಂದು ಮಾತನ್ನು ಕೃಷಿಕರ ನಡುವೆ ಬದುಕುವವನಾಗಿ ಹೇಳಬೇಕು. ತೆರವಿನ ವೇಳೆ ಅನೇಕರು ಮನೆ ಬಿಡಲೊಪ್ಪದಿರುವುದು ಕೊಟ್ಟಿಗೆಯಲ್ಲಿರುವ ದನಕರುಗಳಿಗಾಗಿ. ಬಸ್ಸು ದನವನ್ನು ಒಯ್ಯಲಾರದು. ಅದಕ್ಕೆ ಹಲಗೆಯಿಳಿಸಿದ ಲಾರಿಯೇ ಬೇಕು. ಬಸ್ಸಿನ ಜೊತೆಗೆ ಲಾರಿಯ ಏರ್ಪಾಡಿಲ್ಲದ ತೆರವು ಯೋಜನೆ ಮಲೆನಾಡಿನಲ್ಲಿ ಅರೆಬರೆ ಯೋಜನೆಯೇ.

ಮಂಗನ ಕಾಯಿಲೆಯ ವಿಚಾರದಲ್ಲಿ ಬಸ್ಸಿನ ಉಪಯೋಗ ಇನ್ನೂ ಸ್ಪಷ್ಟವಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡುತ್ತದೆ. ದರಗು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋದವರಿಗೆ ಉಣ್ಣೆ ಕಚ್ಚಿ ಬರುತ್ತದೆ. 2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಇದರಿಂದ ನಲುಗಿತು. ಜ್ವರ ಬಂದವರು ದಿನಗೂಲಿ ಕಳೆದುಕೊಂಡು, ಬಸ್ಸಿಲ್ಲದ ಊರಿನಿಂದ ಆಸ್ಪತ್ರೆಗೆ ಅಲೆಯುವುದರಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ವಾರದ ನಿಗದಿತ ದಿನ ಕಾಡಂಚಿನ ಊರಿಗೆ ಬಂದು ನಿಲ್ಲುವ, ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ, ರಕ್ತದ ಮಾದರಿಯನ್ನು ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುವ ಪೆಟ್ಟಿಗೆ ಇಷ್ಟನ್ನು ಹೊತ್ತ ಬಸ್ಸು ಆ ದಿನಗಳನ್ನು ಉಳಿಸಬಲ್ಲದು. ಮಳೆಗಾಲದಲ್ಲಿ ತೆರವಿಗೆ, ಬೇಸಗೆಯಲ್ಲಿ ಜ್ವರ ತಪಾಸಣೆಗೆ ಎಂದು ವರ್ಷವಿಡೀ ಕೆಲಸವಿದ್ದರೆ ವಾಹನ ಸುಸ್ಥಿತಿಯಲ್ಲಿರುತ್ತದೆ. ಆಪತ್ತಿಗೆಂದು ಮೂಲೆಯಲ್ಲಿ ನಿಲ್ಲಿಸಿದ ವಾಹನದ ಬ್ಯಾಟರಿ ಆಪತ್ತು ಬಂದ ದಿನವೇ ಸತ್ತಿರುತ್ತದೆ.

ಹಳೆಯ ಡೀಸೆಲ್ ಬಸ್ಸನ್ನು ಮತ್ತೆ ರಸ್ತೆಗಿಳಿಸುವುದು ಪರಿಸರಕ್ಕೆ ವಿರುದ್ಧವಲ್ಲವೇ ಎಂದು ನಮ್ಮ ಬಳಗದ ಮಿತ್ರರು ಕೇಳುವುದುಂಟು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡಕ್ಕೆ ಹೋಲಿಸಿದರೆ ಹಳೆಯ ಎಂಜಿನ್ನುಗಳ ಹೊಗೆ ಹೆಚ್ಚೆಂಬುದು ನಿಜ. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. ನಗರದಲ್ಲಿ ದಿನಕ್ಕೆ 200 ಕಿಲೋಮೀಟರ್ ಓಡುವ ಬಸ್ಸು ವರ್ಷಕ್ಕೆ 70 ಸಾವಿರ ಕಿಲೋಮೀಟರ್ ಸವೆಸುತ್ತದೆ. ತುರ್ತು ಸೇವೆಯ ಬಸ್ಸು ವಾರಕ್ಕೆ ನೂರು ಕಿಲೋಮೀಟರ್ ಓಡಿದರೂ ವರ್ಷಕ್ಕೆ 5 ಸಾವಿರದ ಆಸುಪಾಸು. ಅಷ್ಟು ಕಡಿಮೆ ಓಟಕ್ಕಾಗಿ ಹೊಸ ಚಾಸಿಯನ್ನು, ಹೊಸ ಉಕ್ಕನ್ನು, ಹೊಸ ಗಾಜನ್ನು ಸೃಷ್ಟಿಸುವುದಕ್ಕಿಂತ ಇರುವುದನ್ನು ಸವೆಸುವುದು ವಿವೇಕ. ಕಾಳಜಿ ಮಾಡಬೇಕಾದುದು ಬೇರೆಡೆ: ಕೆಟ್ಟು ನಿಂತ ಬಸ್ಸಿನಿಂದ ಸೋರುವ ಎಣ್ಣೆ, ಒಡೆದ ಬ್ಯಾಟರಿಯ ಸೀಸ ಮತ್ತು ಆಮ್ಲ ಹಳ್ಳದ ನೀರಿಗೆ ಸೇರುವುದೇ ನಿಜವಾದ ಮಾಲಿನ್ಯ.

ಇಲ್ಲಿಯೇ ಕಾನೂನಿನ ಪ್ರಶ್ನೆಯೂ ಎದುರಾಗುತ್ತದೆ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಬಹುಕಾಲ ಅನುಸರಿಸಿದ ಮಾನದಂಡದಂತೆ ಬಸ್ಸು ಸುಮಾರು 11 ವರ್ಷ ಅಥವಾ 8.5 ಲಕ್ಷ ಕಿಲೋಮೀಟರ್ ಓಡಿದ ಮೇಲೆ ನಿವೃತ್ತವಾಗುತ್ತದೆ. ಇತ್ತ ಕೇಂದ್ರದ ನಿಯಮದಂತೆ 2023ರ ಏಪ್ರಿಲ್ 1ರಿಂದ ಸಾರಿಗೆ ನಿಗಮಗಳೂ ಸೇರಿದಂತೆ ಸರ್ಕಾರಿ ವಾಹನಗಳ ನೋಂದಣಿ 15 ವರ್ಷಕ್ಕೆ ಕೊನೆಗೊಳ್ಳುತ್ತದೆ. ವಿನಾಯಿತಿ ಇರುವುದು ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಕೆಯಾಗುವ ವಿಶೇಷ ವಾಹನಗಳಿಗೆ. ಅಂದರೆ ಸರ್ಕಾರದ ಒಡೆತನದಲ್ಲೇ ಉಳಿಯುವ ಹಳೆಯ ಬಸ್ಸಿನ ಎರಡನೆಯ ಜನ್ಮ ಹೆಚ್ಚೆಂದರೆ ನಾಲ್ಕು ವರ್ಷದ್ದು. ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ಉಪಕರಣಗಳನ್ನು ಗೋಡೆಗೆ ಬೆಸೆದರೆ ನಾಲ್ಕು ವರ್ಷದಲ್ಲಿ ಅವೂ ಗುಜರಿಗೆ ಹೋಗುತ್ತವೆ. ಆದ್ದರಿಂದ ಹಾಸಿಗೆ, ಆಮ್ಲಜನಕದ ಕೊಳವೆ, ಸೌರಫಲಕ ಎಲ್ಲವನ್ನೂ ಬಿಚ್ಚಿ ಮತ್ತೊಂದು ಬಸ್ಸಿಗೆ ಜೋಡಿಸುವಂತಿರಬೇಕು. ವಾಹನದ ಮೂಲರಚನೆಯನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯೂ ಬಿಡುವುದಿಲ್ಲ. ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ, ಕಾಲಕಾಲಕ್ಕೆ ಅರ್ಹತಾ ಪ್ರಮಾಣಪತ್ರ ಎರಡೂ ಬೇಕು.

ಹೀಗಾಗಿ ಗ್ರಾಮಸಭೆಗಳು ಇಂತಹ ಬಸ್ಸನ್ನು ಕೇಳುವಾಗ ಕೆಲವು ಷರತ್ತುಗಳನ್ನೂ ಜೊತೆಗೇ ಮುಂದಿಡಬೇಕು. ಕೊಡುವ ಬಸ್ಸು ನಮ್ಮ ರಸ್ತೆಗೆ ಒಗ್ಗುವ ಗಿಡ್ಡ ಗಾತ್ರದ್ದು, ಎತ್ತರದ ನೆಲದ್ದು ಆಗಿರಲಿ. ಅದರ ಒಡೆತನ ಯಾರದೆಂಬುದು ಕಾಗದದಲ್ಲಿರಲಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಯ ನೇತೃತ್ವದ ಜಿಲ್ಲಾ ಪ್ರಾಧಿಕಾರವೇ ಇದಕ್ಕೆ ಸೂಕ್ತ. ಘಾಟಿಯ ತಿರುವು ಬಲ್ಲ ಚಾಲಕರು, ಡೀಸೆಲ್ಲು, ಟಯರು, ದುರಸ್ತಿಯ ಹಣ ವಾರ್ಷಿಕ ಆಯವ್ಯಯದಲ್ಲಿ ಸೇರಲಿ. ಮುಂಗಾರಿಗೆ ಮೊದಲು ಒಮ್ಮೆಯಾದರೂ ಊರಿನ ಜನರನ್ನೂ ಕಾಲೇಜಿನ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ತೆರವಿನ ತಾಲೀಮು ನಡೆಯಲಿ. ಅವಧಿ ಮುಗಿದ ದಿನ ಬಸ್ಸನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಹಿಂದಕ್ಕೊಯ್ಯುವ ಹೊಣೆ ಕೊಟ್ಟವರದೇ ಆಗಿರಲಿ. ಈ ಕೊನೆಯ ಷರತ್ತಿಲ್ಲದಿದ್ದರೆ ದಾನದ ಹೆಸರಿನಲ್ಲಿ ನಗರದ ಗುಜರಿ ನಮ್ಮ ಕಾನಿನಂಚಿಗೆ ಬಂದು ಬೀಳುತ್ತದೆ.

ಸೊಪ್ಪಿನ ಬೆಟ್ಟದ ಆಶ್ರಯದಲ್ಲಿ ಬೇಸಾಯ ಮಾಡುವ ನಮಗೆ ಮರುಬಳಕೆಯ ಪಾಠ ಹೊಸದಲ್ಲ. ಕೊಟ್ಟಿಗೆಗೆ ಹಾಸಿದ ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಆದರೆ ಕಳಿಯದ ಗೊಬ್ಬರವನ್ನು ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಹಳೆಯ ವಸ್ತುವನ್ನು ಹೊಸ ಕೆಲಸಕ್ಕೆ ಹದಗೊಳಿಸಲು ಸಮಯ, ಶ್ರಮ, ತಿಳಿವಳಿಕೆ ಬೇಕೆಂಬುದೇ ಇದರ ತಾತ್ಪರ್ಯ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಗುಡ್ಡಗಾಡಿನ ಮೊದಲನೆಯ ತುರ್ತು ವಾಹನವೆಂದರೆ ದಿನವೂ ತಪ್ಪದೆ ಬರುವ ಸಾಮಾನ್ಯ ಬಸ್ಸು. ಗರ್ಭಿಣಿ ತಪಾಸಣೆಗೆ ಹೋಗುವುದು, ಜ್ವರದ ಮಗುವನ್ನು ಎರಡನೆಯ ದಿನವೇ ವೈದ್ಯರಿಗೆ ತೋರಿಸುವುದು, ಮಧುಮೇಹದ ಮುದುಕರು ಮಾತ್ರೆ ತರುವುದು ಅದರಲ್ಲಿಯೇ. ಈ ಸಣ್ಣ ಪಯಣಗಳು ತಪ್ಪಿದಾಗಲೇ ಅವು ಮಧ್ಯರಾತ್ರಿಯ ತುರ್ತು ಕರೆಗಳಾಗುತ್ತವೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕೂಡಿ ಕಟ್ಟಿ, ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತುಹೋದಾಗ ನಾವು ಕಳೆದುಕೊಂಡದ್ದು ಕೇವಲ ಒಂದು ಸಾರಿಗೆ ಸಂಸ್ಥೆಯನ್ನಲ್ಲ, ಆರೋಗ್ಯದ ಒಂದು ಆಸರೆಯನ್ನು. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಿದೆ. ಆದರೆ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಆ ಉಚಿತ ಚೀಟಿಯಿಂದೇನು ಪ್ರಯೋಜನ? ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2022ರಲ್ಲಿ ಎತ್ತಿದ ದನಿಗೂ ಹಳೆಯ ಬಸ್ಸು ಉತ್ತರವಾಗಲಾರದು.

ಆದುದರಿಂದ ಹಳೆಯ ಬಸ್ಸು ಬರಲಿ, ಷರತ್ತಿನೊಡನೆ ಬರಲಿ, ಆದರೆ ಆಸ್ಪತ್ರೆಯ ಬದಲಿಗೆ, ಆಂಬುಲೆನ್ಸಿನ ಬದಲಿಗೆ, ಮಾರ್ಗದ ಬಸ್ಸಿನ ಬದಲಿಗೆ ಬಾರದಿರಲಿ. ಈ ವಿಚಾರವನ್ನು ಮುಂದಿನ ಗ್ರಾಮಸಭೆಯ ಕಾರ್ಯಸೂಚಿಗೆ ಸೇರಿಸಲು ಒತ್ತಾಯಿಸೋಣ. ತಮ್ಮ ಊರಿನ ಯಾವ ರಸ್ತೆಯಲ್ಲಿ ಎಷ್ಟುದ್ದದ ವಾಹನ ತಿರುಗಬಲ್ಲದು, ಯಾವ ಮೋರಿ ಎಷ್ಟು ಭಾರ ತಾಳುವಂತಿದೆ, ಯಾವ ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದಾರೆ, ಯಾವ ಕೊಟ್ಟಿಗೆಯಲ್ಲಿ ಎಷ್ಟು ದನಗಳಿವೆ ಎಂಬುದನ್ನು ವಿದ್ಯಾರ್ಥಿಗಳು ರಜೆಯಲ್ಲಿ ಪಟ್ಟಿ ಮಾಡಿದರೆ, ಯಾವ ಇಲಾಖೆಯ ಕಡತದಲ್ಲೂ ಸಿಗದ ಮಾಹಿತಿ ನಮ್ಮ ಕೈಯಲ್ಲಿರುತ್ತದೆ. ಮಳೆ ಹಿಡಿಯುವ ಮೊದಲೇ ಆ ಪಟ್ಟಿ ಸಿದ್ಧವಾಗಬೇಕು.