ಟಫಿಯ ಜಾತಿ ಯಾವುದು?

‘ಹಮ್ ಆಪ್‌ಕೆ ಹೈ ಕೌನ್’ ಹಿಂದಿ ಚಿತ್ರ 1994ರಲ್ಲಿ ತೆರೆಕಂಡಾಗ ಸಲ್ಮಾನ್ ಖಾನ್, ಮಾಧುರಿ ದೀಕ್ಷಿತರ ಜೊತೆಗೆ ಹೆಸರು ಮಾಡಿದ ಇನ್ನೊಬ್ಬ ಕಲಾವಿದ ಟಫಿ ಎಂಬ ಬಿಳಿಯ ನಾಯಿ. ಮನೆಮಂದಿಯ ಕ್ರಿಕೆಟ್ ಆಟಕ್ಕೆ ಅಂಪೈರ್ ಆದದ್ದು ಅದೇ. ಕೊನೆಯಲ್ಲಿ ಪ್ರೇಮನಿಗೆ ಮುಟ್ಟಬೇಕಾಗಿದ್ದ ಕಾಗದವನ್ನು ಅವನ ಅಣ್ಣನಿಗೆ ಮುಟ್ಟಿಸಿ, ಮುರಿದುಬೀಳಲಿದ್ದ ಜೋಡಿಯನ್ನು ಉಳಿಸಿದ್ದೂ ಅದೇ. ಈ ಟಫಿ ಯಾವ ಜಾತಿಯ ನಾಯಿ ಎಂದು ಚಿತ್ರ ನೋಡಿದವರನ್ನು ಕೇಳಿದರೆ ಬಹುಮಂದಿ ಹಿಂದೆಮುಂದೆ ನೋಡದೆ ‘ಪೊಮೆರೇನಿಯನ್’ ಎನ್ನುತ್ತಾರೆ.

ಅಲ್ಲ. ಟಫಿ ಇಂಡಿಯನ್ ಸ್ಪಿಟ್ಜ್.

ಎರಡೂ ದೂರದ ದಾಯಾದಿಗಳು, ನಿಜ. ಚೂಪು ಕಿವಿ, ಬೆನ್ನ ಮೇಲೆ ಸುರುಳಿಯಾಗುವ ಪೊದೆಬಾಲ, ಮೈತುಂಬ ಕೂದಲು ಇವೆಲ್ಲ ಸ್ಪಿಟ್ಜ್ ಕುಲದ ಗುರುತು. ಆದರೆ ಪೊಮೆರೇನಿಯನ್ ಎಂಬುದು ಅಂಗೈಗಿಂತ ತುಸು ದೊಡ್ಡದು ಎನ್ನಬಹುದಾದ ಪುಟ್ಟ ನಾಯಿ. ಬೆಳೆದ ಮೇಲೂ ಅದರ ತೂಕ ಎರಡು ಮೂರು ಕಿಲೋ. ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯಾ ಪ್ರಾಂತದಿಂದ ಆ ಹೆಸರು ಬಂತು. ಅಲ್ಲಿಂದ ಬಂದಾಗ ಅದೂ ದೊಡ್ಡದೇ ಇತ್ತು. ಅದನ್ನು ಕುಗ್ಗಿಸುವ ಶೋಕಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಳೆಯಿತು. ಭಾರತಕ್ಕೆ ಬ್ರಿಟಿಷರು ತಂದದ್ದು ಜರ್ಮನ್ ಸ್ಪಿಟ್ಜ್‌ಗಳನ್ನು. ಇಲ್ಲಿನ ಬಿಸಿಲು ತಾಳಿಕೊಂಡವು ಉಳಿದವು. ಅವುಗಳ ಮರಿ, ಮರಿಮಕ್ಕಳಲ್ಲಿ ಈ ಹವೆಗೆ ಹೊಂದಿದವನ್ನು ಆರಿಸಿ ಬೆಳೆಸುತ್ತ ಬಂದು, ತಲೆಮಾರುಗಳು ಕಳೆದ ಮೇಲೆ ನಮ್ಮದೇ ಒಂದು ತಳಿಯಾಯಿತು. ಮೂತಿ ಉದ್ದ, ಕಿವಿ ದೊಡ್ಡದು, ತೂಕ ಐದು ಕಿಲೋದಿಂದ ಮೇಲಕ್ಕೆ. ದೊಡ್ಡ ಬಗೆಯದಾದರೆ ಹತ್ತು ದಾಟುವುದೂ ಉಂಟು. ಅನ್ನ ಮೊಸರು ತಿಂದುಕೊಂಡು, ಅಂಗಳದಲ್ಲಿ ಬೊಗಳಿಕೊಂಡು, ಮಧ್ಯಮವರ್ಗದ ಮನೆಗಳಲ್ಲಿ ಇಷ್ಟು ವರ್ಷ ಬಾಳಿದ ಈ ನಾಯಿಗೆ ತನ್ನ ಹೆಸರು ಮಾತ್ರ ದಕ್ಕಲಿಲ್ಲ. ಮಾರುವವರು ‘ಪಾಮ್’ ಎಂದರು, ಕೊಂಡವರೂ ಹಾಗೆಯೇ ಕರೆದರು. ತೆರೆಯ ಮೇಲೆ ಟಫಿಯನ್ನು ಕಂಡು, ನಮ್ಮ ಮನೆಯ ಪಾಮ್ ಹಾಗೆಯೇ ಇದೆ ಎಂದು ಖುಷಿಪಟ್ಟರು.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಸ್ವಲ್ಪ ಇದೆ. ಪುಸ್ತಕದಲ್ಲಿ ಪೊಮೆರೇನಿಯನ್‌ನ ತೂಕ ಮೂರು ಕಿಲೋ ಎಂದು ಓದಿದ ಹುಡುಗ, ಎಂಟು ಕಿಲೋ ತೂಗುವ ತನ್ನ ನಾಯಿಗೆ ಬೊಜ್ಜು ಬಂದಿದೆ ಎಂದು ತಿಳಿದರೆ ಅದರ ತಟ್ಟೆಗೆ ಕತ್ತರಿ ಬೀಳುತ್ತದೆ. ಇನ್ನೊಂದು ಕಡೆ, ‘ಟಫಿಯಂಥ ನಾಯಿ’ ಎಂದು ಕೇಳಿದವರಿಗೆ ನಿಜವಾದ ಪುಟ್ಟ ಪೊಮೆರೇನಿಯನ್ ಸಿಕ್ಕರೆ, ಮಕ್ಕಳ ಓಟ ಕುಣಿತದ ನಡುವೆ ಅದು ಕಾಲ್ತುಳಿತಕ್ಕೆ ಸಿಕ್ಕೀತು. ಸೋಫಾದ ಮೇಲಿಂದ ಜಿಗಿದರೆ ಅದರ ಕಡ್ಡಿಯಂಥ ಕಾಲು ಮುರಿಯುವುದೂ ಉಂಟು.

ಚಿತ್ರ ತಯಾರಿಸುವವರಿಗೆ ಈ ತಲೆನೋವು ಇಲ್ಲ. ಅವರಿಗೆ ಬೇಕಾದದ್ದು ಹೇಳಿದಂತೆ ಕೇಳುವ, ದೀಪದ ಬೆಳಕಿಗೆ ಬೆದರದ, ತೆರೆಯ ಮೇಲೆ ಚೆಂದ ಕಾಣುವ ನಾಯಿ. ಕಥೆಯಲ್ಲಿರುವುದು ಯಾವ ತಳಿ ಎಂಬುದು ಆಮೇಲಿನ ಮಾತು. ಷರ್ಲಾಕ್ ಹೋಮ್ಸ್‌ನ ಪ್ರಸಿದ್ಧ ಸಾಹಸದಲ್ಲಿ ಬರುವ ಬಾಸ್ಕರ್‌ವಿಲ್ ಮನೆತನದ ಭಯಂಕರ ನಾಯಿಯನ್ನು ಕಾನನ್ ಡಾಯ್ಲ್ ಬ್ಲಡ್‌ಹೌಂಡ್, ಮ್ಯಾಸ್ಟಿಫ್ ಎರಡೂ ಬೆರೆತಂತಿದ್ದ ಪ್ರಾಣಿ ಎಂದು ಬಣ್ಣಿಸಿದ್ದಾನೆ. 1939ರ ಚಿತ್ರದಲ್ಲಿ ಬಂದದ್ದು ಗ್ರೇಟ್ ಡೇನ್. 1959ರ ಚಿತ್ರದಲ್ಲಿಯೂ ಗ್ರೇಟ್ ಡೇನ್, ಅದಕ್ಕೊಂದು ಮುಖವಾಡ ಬೇರೆ! ಎತ್ತರದ ನಾಯಿ ಮಂಜಿನಲ್ಲಿ ನಿಂತರೆ ಭಯ ತಾನಾಗಿ ಬರುತ್ತದೆ ಎಂಬ ಲೆಕ್ಕಾಚಾರ. ಆದರೆ ಗ್ರೇಟ್ ಡೇನ್ ಸಾಕಿದವರನ್ನು ಕೇಳಿ, ಅದರಷ್ಟು ಸಾಧು ಇನ್ನೊಂದಿಲ್ಲ ಎಂದಾರು.

ಜಪಾನಿನ ಹಚಿಕೋ ಕಥೆ ಮಕ್ಕಳಿಗೆಲ್ಲ ಗೊತ್ತು. ಸತ್ತ ಯಜಮಾನನಿಗಾಗಿ ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ ಸುಮಾರು ಹತ್ತು ವರ್ಷ ಕಾದು, 1935ರಲ್ಲಿ ಪ್ರಾಣಬಿಟ್ಟ ನಾಯಿ. ಅದು ಅಕಿಟಾ ತಳಿಯದು. ರಿಚರ್ಡ್ ಗೇರ್ ನಟಿಸಿದ 2009ರ ಇಂಗ್ಲಿಷ್ ಚಿತ್ರದಲ್ಲಿ ಬೆಳೆದ ಹಚಿಯಾಗಿ ಅಕಿಟಾಗಳೇ ಇವೆ. ಮರಿಯಾಗಿದ್ದಾಗಿನ ಹಚಿ ಮಾತ್ರ ಶಿಬಾ ಇನು ಎಂಬ ಬೇರೆಯೇ ತಳಿಯ ಮರಿ. ಆ ಮುದ್ದು ಮರಿಯ ದೃಶ್ಯಗಳನ್ನು ನೋಡಿ ಮನಸೋತವರು ಅಕಿಟಾ ತಂದರೆ, ಒಂದೂವರೆ ವರ್ಷದಲ್ಲಿ ಮೂವತ್ತು ನಲವತ್ತು ಕಿಲೋದ, ಅಪರಿಚಿತರನ್ನು ಸುಲಭಕ್ಕೆ ಹತ್ತಿರ ಸೇರಿಸದ ದೊಡ್ಡ ಕಾವಲುನಾಯಿ ಮನೆಯಲ್ಲಿ ನಿಂತಿರುತ್ತದೆ.

ಇವೆಲ್ಲ ಸಣ್ಣಪುಟ್ಟ ಅದಲುಬದಲು. ಇನ್ನೊಂದು ಪ್ರಕರಣ ಅಷ್ಟು ಹಗುರದ್ದಲ್ಲ. 1958ರಲ್ಲಿ ಜಪಾನಿನ ಅಂಟಾರ್ಕ್ಟಿಕಾ ತಂಡವೊಂದು ಹವೆ ಕೆಟ್ಟ ಕಾರಣ ಶೋವಾ ನೆಲೆಯಿಂದ ಹೊರಡಬೇಕಾಯಿತು. ಬದಲಿ ತಂಡ ಹೇಗೂ ಬರುತ್ತದಲ್ಲ ಎಂದು, ಜಾರುಬಂಡಿ ಎಳೆಯುವ 15 ನಾಯಿಗಳನ್ನು ಸರಪಳಿಯಲ್ಲೇ ಬಿಟ್ಟರು. ಬದಲಿ ತಂಡ ಬರಲಾಗಲಿಲ್ಲ. 1959ರ ಜನವರಿಯಲ್ಲಿ ಜನ ಮತ್ತೆ ಅಲ್ಲಿಗೆ ಹೋದಾಗ ಏಳು ನಾಯಿಗಳು ಸರಪಳಿಯಲ್ಲೇ ಸತ್ತಿದ್ದವು, ಆರು ಕಾಣೆಯಾಗಿದ್ದವು. ಟಾರೋ, ಜಿರೋ ಎಂಬ ಅಣ್ಣತಮ್ಮ ನಾಯಿಗಳೆರಡು ಮಾತ್ರ ಬದುಕಿದ್ದವು. ಇವು ಸಖಾಲಿನ್ ದ್ವೀಪದ ತಳಿ. ಜಪಾನಿನಲ್ಲಿ ಕರಾಫುಟೋ ನಾಯಿ ಎನ್ನುತ್ತಾರೆ.

ಈ ಕಥೆಯ ಮೇಲೆ 1983ರಲ್ಲಿ ಜಪಾನಿನಲ್ಲಿ ಚಿತ್ರ ಬಂತು. ಅದರಿಂದ ಪ್ರೇರಣೆ ಪಡೆದು 2006ರಲ್ಲಿ ಹಾಲಿವುಡ್‌ನ ಡಿಸ್ನಿಯವರು ‘ಎಯ್ಟ್ ಬಿಲೋ’ ತೆಗೆದರು. ಜಪಾನಿಗಳು ಹೋಗಿ ಅಮೆರಿಕನ್ನರು ಬಂದರು. ಹದಿನೈದು ನಾಯಿಗಳು ಎಂಟಾದವು, ಉಳಿದ ಎರಡು ಆರಾದವು. ಸಖಾಲಿನ್ ನಾಯಿಗಳ ಜಾಗದಲ್ಲಿ ನೀಲಿಗಣ್ಣಿನ ಸೈಬೀರಿಯನ್ ಹಸ್ಕಿಗಳೂ ಅಲಾಸ್ಕನ್ ಮ್ಯಾಲಮ್ಯೂಟ್‌ಗಳೂ ನಿಂತವು. ಚಿತ್ರ ನೋಡಿದ ಮಗುವಿನ ಮನಸ್ಸಿನಲ್ಲಿ ಹಿಮದಲ್ಲಿ ಹೋರಾಡಿದ್ದು ಹಸ್ಕಿ. ಅತ್ತ ಜಾರುಬಂಡಿಗಳ ಕಾಲ ಮುಗಿದು ಸಖಾಲಿನ್ ತಳಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಟೋಕಿಯೋದ ವಸ್ತುಸಂಗ್ರಹಾಲಯದಲ್ಲಿ ಜಿರೋನ ದೇಹವನ್ನೂ ಹೊಕ್ಕೈಡೋ ವಿಶ್ವವಿದ್ಯಾಲಯದಲ್ಲಿ ಟಾರೋನ ದೇಹವನ್ನೂ ಕಾಪಾಡಿ ಇಟ್ಟಿದ್ದಾರೆ. ನೋಡಿದವರಿಗೆ ಗೊತ್ತಾಗುತ್ತದೆ, ಅವಕ್ಕೂ ಹಸ್ಕಿಗೂ ಎಷ್ಟು ಅಂತರ ಎಂದು.

ಹಿಮದ ನಾಯಿಗಳ ವಿಷಯದಲ್ಲಿ ಚಿತ್ರರಂಗಕ್ಕೆ ಇನ್ನೊಂದು ಚಟ, ತೋಳದ ನಂಟು ಕಟ್ಟುವುದು. ಮೂಕಿ ಚಿತ್ರಗಳ ದೊಡ್ಡ ತಾರೆ ರಿನ್ ಟಿನ್ ಟಿನ್ ಮೊದಲ ಮಹಾಯುದ್ಧದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಜರ್ಮನ್ ಷೆಪರ್ಡ್ ಮರಿ. ‘ಕ್ಲ್ಯಾಷ್ ಆಫ್ ದಿ ವುಲ್ವ್ಸ್’ ಚಿತ್ರದಲ್ಲಿ ಅದು ತೋಳಗಳ ಹಿಂಡಿನ ನಾಯಕ! ಆ ತಳಿಗೆ ಬ್ರಿಟನ್ ಕೊಟ್ಟ ಹೆಸರೂ ವಿಚಿತ್ರವೇ. ಜರ್ಮನ್ ಎಂಬ ಮಾತೇ ಬೇಡವೆಂದು 1919ರಲ್ಲಿ ‘ಅಲ್ಸೇಷಿಯನ್ ವುಲ್ಫ್ ಡಾಗ್’ ಎಂದು ದಾಖಲಿಸಿದರು. ತೋಳ ಎಂದರೆ ಜನ ಹೆದರುತ್ತಾರೆಂದು ಮುಂದೆ ಆ ಪದವನ್ನು ಕಿತ್ತರು. ಅಲ್ಲಿ ಜರ್ಮನ್ ಷೆಪರ್ಡ್ ಎಂಬ ಹೆಸರು ಮರಳಿದ್ದು 1977ರಲ್ಲಿ. ನಮ್ಮ ಊರುಗಳಲ್ಲಿ ಹಿರಿಯರು ಈಗಲೂ ‘ಅಲ್ಸೇಷಿಯನ್’ ಎನ್ನುವುದು ಆ ಯುದ್ಧದ ಸಿಟ್ಟಿನ ಪಳೆಯುಳಿಕೆ.

1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಊರಿನಲ್ಲಿ ಡಿಫ್ತೀರಿಯಾ ಹಬ್ಬಿತು. ಮಕ್ಕಳನ್ನು ಉಳಿಸುವ ಔಷಧವನ್ನು ಇಪ್ಪತ್ತು ಜನ ಜಾರುಬಂಡಿಗಾರರು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಐದೂವರೆ ದಿನದಲ್ಲಿ ಕ್ರಮಿಸಿ ತಲುಪಿಸಿದರು. ಕೊನೆಯ ಬಂಡಿಯ ಮುಂದಾಳು ನಾಯಿ ಬಾಲ್ಟೋ. (ಎಲ್ಲಕ್ಕಿಂತ ಉದ್ದದ, ಅಪಾಯದ ದಾರಿ ಸವೆಸಿದ್ದು ಟೋಗೋ ಎಂಬ ಇನ್ನೊಂದು ನಾಯಿ. ಅದಕ್ಕೆ ಪ್ರತ್ಯೇಕ ಚಿತ್ರ ದೊರೆಯಲು 2019ರವರೆಗೆ ಕಾಯಬೇಕಾಯಿತು.) 1995ರ ‘ಬಾಲ್ಟೋ’ ಕಾರ್ಟೂನ್ ಚಿತ್ರದಲ್ಲಿ ಅದನ್ನು ಅರೆತೋಳ ಮಾಡಿದ್ದಾರೆ. ಊರವರು ತೋಳವೆಂದು ದೂರವಿಡುತ್ತಾರೆ, ಕೊನೆಗೆ ಅದೇ ಊರನ್ನು ಉಳಿಸುತ್ತದೆ. ಕಥೆ ಚೆನ್ನಾಗಿದೆ. ಆದರೆ 2023ರಲ್ಲಿ ವಿಜ್ಞಾನಿಗಳು ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿರುವ ಬಾಲ್ಟೋನ ಚರ್ಮದ ಚೂರಿನಿಂದ ಡಿಎನ್‌ಎ ತೆಗೆದು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ತೋಳದ ನಂಟು ಕಾಣಲಿಲ್ಲ. ಇಂದಿನ ಸೈಬೀರಿಯನ್ ಹಸ್ಕಿಯೊಂದಿಗೂ ಅದಕ್ಕಿದ್ದದ್ದು ಭಾಗಶಃ ಸಂಬಂಧ. ಒಳಸಂಬಂಧದ ದೋಷ ಮಾತ್ರ ಇಂದಿನ ಜಾತಿ ನಾಯಿಗಳಿಗಿಂತ ಕಡಿಮೆ. ಚಿತ್ರದ ಮುಂದಿನ ಭಾಗದಲ್ಲಿ ಬಾಲ್ಟೋಗೆ ಮರಿಗಳೂ ಇವೆ. ನಿಜವಾದ ಬಾಲ್ಟೋಗೆ ಎಳವೆಯಲ್ಲೇ ಬೀಜ ಒಡೆಸಿದ್ದರು ಎಂಬುದು ಚಿತ್ರದವರಿಗೆ ಅಡ್ಡಿಯಾಗಲಿಲ್ಲ.

ತೆರೆಯ ನಾಯಿಗೂ ಮನೆಗೆ ಬರುವ ನಾಯಿಗೂ ಸಂಬಂಧವಿದೆ ಎಂಬುದನ್ನು ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ನಾಯಿ ನೋಂದಣಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಯಶಸ್ವಿ ಚಿತ್ರದ ಪ್ರಭಾವ ಹತ್ತು ವರ್ಷದವರೆಗೂ ಉಳಿಯಬಲ್ಲದು. 1943ರ ‘ಲ್ಯಾಸ್ಸಿ ಕಮ್ ಹೋಮ್’ ಬಂದ ಎರಡೇ ವರ್ಷದಲ್ಲಿ ಕೋಲಿ ನಾಯಿಗಳ ನೋಂದಣಿ ಶೇ. 40ರಷ್ಟು ಏರಿತ್ತು. ಹಿಮದಲ್ಲಿ ಓಡಬೇಕಾದ ಹಸ್ಕಿಗಳು ಬೆಂಗಳೂರಿನ ಮೂರನೇ ಮಹಡಿಯ ಮನೆಗಳಲ್ಲಿ ಫ್ಯಾನಿನ ಕೆಳಗೆ ನಾಲಗೆ ಚಾಚಿ ಮಲಗಿರುವುದಕ್ಕೆ ಇಂಥ ಚಿತ್ರ, ಧಾರಾವಾಹಿಗಳ ಮೋಹದ ಪಾಲು ಇಲ್ಲವೆನ್ನಲಾಗದು.

ಕನ್ನಡದ ‘777 ಚಾರ್ಲಿ’ (2022) ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಚಾರ್ಲಿ ಲ್ಯಾಬ್ರಡಾರ್, ನಟಿಸಿದ್ದೂ ಲ್ಯಾಬ್ರಡಾರ್. ಕಳ್ಳದಾರಿಯಲ್ಲಿ ಮರಿ ಹಾಕಿಸಿ ಮಾರುವವನ ಗೂಡಿನಿಂದ ಅದು ತಪ್ಪಿಸಿಕೊಂಡು ಬರುತ್ತದೆ, ಒಳಸಂಬಂಧದಲ್ಲಿ ಹುಟ್ಟಿದ ನಾಯಿಗೆ ಬರುವ ರೋಗದ ಮಾತನ್ನು ಚಿತ್ರ ನೇರವಾಗಿ ಎತ್ತುತ್ತದೆ. ಆ ಚಿತ್ರ ನೋಡಿ ಮಗು ನಾಯಿ ಬೇಕೆಂದು ಹಟ ಹಿಡಿದರೆ ಅಪ್ಪ ಅಮ್ಮ ಮರಿಯ ಜೊತೆಗೆ ಅದರ ತಾಯಿಯನ್ನೂ ತೋರಿಸಿ ಎಂದು ಕೇಳಬೇಕು. ತಾಯಿಯನ್ನು ನೋಡಿದರೆ ಮರಿ ಎಷ್ಟು ಬೆಳೆದೀತು, ಯಾವ ತಳಿ ಎಂಬುದು ಮಾರುವವನ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ತಾಯಿ ಇಲ್ಲಿಲ್ಲ, ಬೇರೆ ಊರಲ್ಲಿದೆ ಎಂದರೆ ಬರಿಗೈಯಲ್ಲಿ ವಾಪಸು ಬರುವುದು ಲೇಸು. ಮನೆಯಲ್ಲಿ ಈಗಾಗಲೇ ಇರುವ ‘ಪಾಮ್’ನ ಮೂತಿ ಉದ್ದವಾಗಿದ್ದು ತೂಕ ಐದು ಕಿಲೋ ದಾಟಿದ್ದರೆ, ಮುಂದಿನ ಸಲ ಚುಚ್ಚುಮದ್ದಿಗೆ ಹೋದಾಗ ಪಶುವೈದ್ಯರ ಚೀಟಿಯಲ್ಲಿ ಇಂಡಿಯನ್ ಸ್ಪಿಟ್ಜ್ ಎಂದು ಬರೆಸಿಕೊಳ್ಳಬಹುದು.