ನಗುವ ಮುನ್ನ ಒಮ್ಮೆ ಕೇಳಿ

ಹಳೆಯ ವಾಕ್ಚಿತ್ರಗಳ ಮಾತೆತ್ತಿದೊಡನೆ ನಮ್ಮಲ್ಲಿ ಕೆಲವರು ತುಟಿಯಂಚಿನಲ್ಲಿ ನಗುತ್ತಾರೆ. ಅವು ಚಲನಚಿತ್ರಗಳೇ ಅಲ್ಲ, ಕ್ಯಾಮೆರಾದ ಮುಂದೆ ಆಡಿದ ಕಂಪನಿ ನಾಟಕಗಳು ಎಂಬುದು ಅವರ ತೀರ್ಪು. ಈ ತೀರ್ಪನ್ನು ನಾನು ಒಪ್ಪಲಾರೆ.

ಅವು ನಾಟಕದ ಮಕ್ಕಳೆಂಬುದು ನಿಜ. ಅದೇ ಅವುಗಳ ಹಿರಿಮೆ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನಾ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು ರಂಗದ ಮೇಲೆ ಪಳಗಿದವರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸಬಲ್ಲ ಕಂಠ ಆ ಪರಂಪರೆಯದು. ಹಿನ್ನೆಲೆ ಗಾಯನ ಬಳಕೆಗೆ ಬಂದಿರದ ಆ ಕಾಲದಲ್ಲಿ ನಟನು ಅಭಿನಯಿಸುತ್ತಲೇ ತನ್ನ ಹಾಡನ್ನು ತಾನೇ ಹಾಡಬೇಕಾಗಿತ್ತು. ಎರವಲು ಕಂಠಕ್ಕೆ ತುಟಿಯಾಡಿಸುವುದನ್ನೇ ಅಭಿನಯವೆಂದು ಒಪ್ಪಿಕೊಂಡ ನಾವು ಅವರನ್ನು ಕಂಡು ನಗುವುದೆ?

ಪುರಾಣವಲ್ಲದೆ ಅವರಿಗೆ ಬೇರೇನೂ ತಿಳಿದಿರಲಿಲ್ಲವೆಂಬ ಆಕ್ಷೇಪವೂ ನಿಲ್ಲದು. 1936ರಷ್ಟು ಹಿಂದೆಯೇ ಎಚ್.ಎಲ್.ಎನ್. ಸಿಂಹರು ‘ಸಂಸಾರ ನೌಕಾ’ದಲ್ಲಿ ತಮ್ಮ ಕಾಲದ ಸಂಸಾರದ ಕಥೆಯನ್ನೇ ತೆರೆಗೆ ತಂದರು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮನವರು ಅದರಲ್ಲಿ ನಟಿಸಿದರು. ಅದೂ ರಂಗಭೂಮಿಯಿಂದಲೇ ಬಂದ ಕಥೆ.

ಗಡಿಯಾಚೆಯ ಕನ್ನಡಿಗರಾದ ನಮಗಂತೂ ಈ ಉಪೇಕ್ಷೆ ಸಲ್ಲದು. ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ನಮ್ಮ ನೆರೆಯ ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ಕನ್ನಡದ ಬೆಳ್ಳಿತೆರೆ ಮಾತು ಕಲಿತದ್ದು ಮರಾಠಿ ನೆಲದ ಮೇಲೆ! ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ನಮ್ಮ ಮಕ್ಕಳಲ್ಲಿ ಇದನ್ನು ಎಷ್ಟು ಮಂದಿ ಬಲ್ಲರು? ಮೂರು ದಶಕಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನಾನೂ ಅವರಿಗೆ ತಿಳಿಸಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇಂದು ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಮೊದಲ ವಾಕ್ಚಿತ್ರದ ದನಿಯನ್ನೇ ಕಳೆದುಕೊಂಡ ನಾವು, ಉಳಿದವನ್ನು ನಗೆಗೀಡು ಮಾಡುತ್ತ ಕುಳಿತರೆ ನಷ್ಟ ಯಾರಿಗೆ?

ನಮ್ಮ ವಾರ್ಷಿಕೋತ್ಸವಗಳಲ್ಲಿ ಧ್ವನಿಮುದ್ರಿತ ಗೀತೆಗಳಿಗೆ ಮಕ್ಕಳು ಕುಣಿಯಲಿ, ನನ್ನ ತಕರಾರಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ದೊರೆಯುವ ಒಂದು ಹಳೆಯ ಚಿತ್ರವನ್ನು ಸಂಘದ ಅಂಗಳದಲ್ಲಿ ತೋರಿಸಲಿ. ಮನೆಯ ಅಟ್ಟದ ಮೇಲೆ ಸಿನಿಮಾ ಹಾಡಿನ ಪುಸ್ತಕವೋ, ಕರಪತ್ರವೋ, ಗ್ರಾಮಫೋನ್ ತಟ್ಟೆಯೋ ಇದ್ದರೆ ರದ್ದಿಗೆ ಹಾಕದೆ ಸಂಘಕ್ಕೆ ಒಪ್ಪಿಸಿರಿ. ಕಂಪನಿ ನಾಟಕ ಕಂಡ ಹಿರಿಯರ ನೆನಪುಗಳನ್ನು ತರುಣರು ಬರೆದಿಡಲಿ.

ಅನಂತರವೂ ನಗಬೇಕೆನಿಸಿದವರು ನಗಲಿ. ನೋಡದೆ, ಕೇಳದೆ ನಗುವುದು ವಿಮರ್ಶೆಯಲ್ಲ, ಅಜ್ಞಾನ.