ಬಸುರಿಗೆ ಬೇಡವೆಂದವರು ಯಾರು?

ಸಂಘದ ಹಳದಿ-ಕುಂಕುಮದ ದಿನ ಹಿರಿಯ ತಾಯಿಯೊಬ್ಬರು ಆಡಿದ ಮಾತು ನಮ್ಮ ಕಿವಿಗೆ ಬಿತ್ತು. "ಕೊರೊನಾ ಕಾಲದಲ್ಲಿ ನಮ್ಮ ಸೊಸೆ ಬಸುರಿ. ಲಸಿಕೆಯ ಗೊಡವೆಗೇ ಹೋಗಲಿಲ್ಲ. ದೇವರ ದಯೆ, ಮಗು ಗುಂಡುಗುಂಡಾಗಿ ಹುಟ್ಟಿತು." ಸುತ್ತಲಿದ್ದವರು ತಲೆದೂಗಿದರು. ತಾಯಿ-ಮಗು ಸುಖವಾಗಿರುವುದು ನಮಗೂ ಸಂತೋಷವೇ. ಆದರೆ ಒಂದು ಮನೆಯ ಅದೃಷ್ಟವನ್ನು ಎಲ್ಲ ಮನೆಗಳಿಗೂ ಬುದ್ಧಿವಾದವಾಗಿ ಹಂಚುವುದನ್ನು ನಾವು ಒಪ್ಪಲಾರೆವು.

ಬಸುರಿಯರನ್ನು ಕಾಪಾಡುತ್ತೇವೆಂದು ಹೇಳಿ, ಕಾಪಾಡುವ ಸಾಧನದಿಂದಲೇ ಅವರನ್ನು ದೂರವಿಟ್ಟದ್ದು ಆ ವರ್ಷಗಳ ದೊಡ್ಡ ತಪ್ಪು. ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಲಿಲ್ಲ. ಸೇರಿಸದ್ದರಿಂದ ಮಾಹಿತಿಯಿಲ್ಲ, ಮಾಹಿತಿಯಿಲ್ಲದ್ದರಿಂದ ಲಸಿಕೆಯಿಲ್ಲ! ನಮ್ಮ ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ಗರ್ಭಿಣಿಯರಿಗೆ ಅನುಮತಿ ದೊರೆತದ್ದು ಜುಲೈ 2ರಂದು. ಅಷ್ಟರಲ್ಲಿ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ಅಪ್ಪಳಿಸಿ ಹೋಗಿತ್ತು. ರೋಗಿಗಳ ನಡುವೆ ದುಡಿಯುವ ನರ್ಸು ಬಸುರಿಯಾಗಿದ್ದರೆ ಆಕೆಗೂ ಆರು ತಿಂಗಳು ಬಾಗಿಲು ಮುಚ್ಚಿತ್ತು.

"ಹೊಸ ಲಸಿಕೆ, ಎಚ್ಚರ ಬೇಡವೇ?" ಎಂದು ಕೇಳುವವರಿದ್ದಾರೆ. ಬೇಕು. ಆದರೆ ತಕ್ಕಡಿಗೆ ಎರಡು ತಟ್ಟೆ. ಲಸಿಕೆಯ ಭಯವನ್ನು ಒಂದರಲ್ಲಿಟ್ಟವರು ರೋಗದ ಭಯವನ್ನು ಇನ್ನೊಂದರಲ್ಲಿ ಏಕೆ ಇಡಲಿಲ್ಲ? ರೋಗಲಕ್ಷಣವಿದ್ದ ಗರ್ಭಿಣಿಯರು ತೀವ್ರ ನಿಗಾ ಘಟಕ ಸೇರುವ ಸಂಭವ ಅದೇ ವಯಸ್ಸಿನ ಇತರ ಸ್ತ್ರೀಯರಿಗಿಂತ ಸುಮಾರು 3 ಪಟ್ಟು ಎಂದು ಅಮೆರಿಕದ ಸರಕಾರಿ ವರದಿ 2020ರ ನವೆಂಬರಿನಲ್ಲೇ ಹೇಳಿತ್ತು. ಇಲ್ಲಿ ಲಸಿಕೆ ಬರುವುದಕ್ಕೂ ಮೊದಲಿನ ಮಾತು ಇದು. ಮುಂದೆ ಅಲ್ಲಿಯೇ 12 ಲಕ್ಷಕ್ಕೂ ಮಿಕ್ಕ ಹೆರಿಗೆಗಳನ್ನು ಪರಿಶೀಲಿಸಿದಾಗ, ಸೋಂಕಿದ್ದ ತಾಯಂದಿರಲ್ಲಿ ಮಗು ಸತ್ತು ಹುಟ್ಟುವ ಸಂಭವ ಸುಮಾರು ಇಮ್ಮಡಿ, ಡೆಲ್ಟಾ ಕಾಲದಲ್ಲಿ ನಾಲ್ಕು ಪಟ್ಟು ಎಂದು ಕಂಡುಬಂತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಹೆಚ್ಚಾಗಿತ್ತು.

ಪರದೇಶದ ಲೆಕ್ಕ ಬೇಡವೆನ್ನುವವರಿಗೆ ನಮ್ಮದೇ ಲೆಕ್ಕವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಜೂನಿನಲ್ಲಿ ತಿಳಿಸಿದಂತೆ, ಅದು ಪರಿಶೀಲಿಸಿದ ಸೋಂಕಿತ ಗರ್ಭಿಣಿ-ಬಾಣಂತಿಯರಲ್ಲಿ ಮರಣ ಪ್ರಮಾಣ ಮೊದಲ ಅಲೆಯಲ್ಲಿ ಶೇಕಡಾ 0.7 ಇದ್ದದ್ದು ಎರಡನೆಯದರಲ್ಲಿ 5.7ಕ್ಕೆ ಏರಿತ್ತು. ಈ ಅಂಕಿಗಳ ಹಿಂದೆ ಸೀಮಂತದ ಹಸಿರು ಬಳೆ ತೊಟ್ಟ ಕೈಗಳಿದ್ದವು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಷ್ಟವೂ ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರ, ತಮಿಳುನಾಡುಗಳಿಂದ ಬರುವವರಿಗೆ ಕರ್ನಾಟಕವೇ ಕೆಲಕಾಲ ಗಡಿ ಮುಚ್ಚಿತು. ಬಾಣಂತನಕ್ಕೆ ತಾಯಿಯಿಲ್ಲದೆ, ಎರಡು ಕೋಣೆಯ ಮನೆಯಲ್ಲಿ, ಸೋಂಕಿನ ಭಯದಲ್ಲೇ ದಿನ ಕಳೆದ ಹೆಣ್ಣುಮಕ್ಕಳು ನಮ್ಮ ಬಳಗದಲ್ಲೇ ಇದ್ದಾರೆ. ಅಂಥವರಿಗೆ ಲಸಿಕೆ ಎಷ್ಟು ದೊಡ್ಡ ಆಸರೆಯಾಗುತ್ತಿತ್ತು!

ಅನುಮತಿ ಬಂದ ಮೇಲಾದರೂ ನಾವು ಮಾಡಿದ್ದೇನು? ಸರಕಾರ ತೆರೆದ ಬಾಗಿಲನ್ನು ಎಷ್ಟೋ ಮನೆಗಳಲ್ಲಿ ಹಿರಿಯರೇ ಮುಚ್ಚಿದರು. ಲಸಿಕೆಯಿಂದ ಗರ್ಭಪಾತ ಹೆಚ್ಚುವುದಿಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ತಾಯಿಯಲ್ಲಿ ಹುಟ್ಟಿದ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ದೊರೆಯುತ್ತದೆ. ನಾವು ಬೇಡವೆಂದದ್ದು ಒಂದು ಜೀವಕ್ಕಲ್ಲ, ಎರಡು ಜೀವಕ್ಕೆ.

ಸರಕಾರಕ್ಕೆ ನಮ್ಮ ಒತ್ತಾಯವಿಷ್ಟೆ: ಮುಂದೆ ಇಂಥ ಮಾರಿ ಬಂದರೆ ಗರ್ಭಿಣಿಯರನ್ನು ಸಾಲಿನ ಕೊನೆಗೆ ತಳ್ಳಬೇಡಿ, ಒಪ್ಪಿದವರನ್ನು ತಕ್ಕ ಎಚ್ಚರಿಕೆಯೊಡನೆ ಬೇಗನೆ ಪ್ರಯೋಗಕ್ಕೆ ಸೇರಿಸಿಕೊಳ್ಳಿ. ನಮ್ಮ ಮನೆಯ ಹಿರಿಯರಲ್ಲಿಯೂ ಒಂದು ವಿನಂತಿ: ಸೊಸೆಯನ್ನು ವೈದ್ಯರ ಬಳಿಗೆ ಕಳುಹಿಸಿ, ಅವರ ಮಾತನ್ನು ಅವಳೇ ಕೇಳಲಿ, ಅವಳೇ ತೀರ್ಮಾನಿಸಲಿ. ಹೊತ್ತವಳಿಗಿಲ್ಲದ ಅಧಿಕಾರ ನೋಡುವವರಿಗೆ ಎಲ್ಲಿಂದ ಬಂತು?